ಪುರಸಭೆಯ ನಲ್ಲಿ ನೀರು: ನೀರಿಗೆ ನಾಲ್ಕು ಸ್ಟಾರ್, ಮೊದಲ ಹತ್ತು ನಿಮಿಷಕ್ಕೆ ಸೊನ್ನೆ

ಊರು ತುಂಗಭದ್ರೆಯ ನೀರು ಕುಡಿಯುವ ಒಂದು ತಾಲ್ಲೂಕು ಕೇಂದ್ರ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಬೇಸಿಗೆಯಲ್ಲಿ ಏಳೆಂಟು ದಿನಕ್ಕೊಮ್ಮೆ. ಅರ್ಧ ಇಂಚಿನ ಕನೆಕ್ಷನ್, ಒಂದೂವರೆ ಗಂಟೆ ಹೊತ್ತು. ಇದೇ ನೀರನ್ನು ವರ್ಷಗಟ್ಟಲೆ ಕುಡಿದು, ಬೇಯಿಸಿ, ಅಳೆದು ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ದೂರು ಒಂದೇ ಇದೆ, ಆದರೆ ದೊಡ್ಡದು: ಮೊದಲ ಹತ್ತು ನಿಮಿಷ.

ನಲ್ಲಿ ತೆರೆದಿಟ್ಟರೆ ಮೊದಲು ಬರುವುದು ಗಾಳಿ. ಎರಡು ಮೂರು ನಿಮಿಷ ಬುಸ್ ಎಂದು, ಕೆಮ್ಮಿ, ಆಮೇಲೆ ಚಹಾ ಬಣ್ಣದ ನೀರು ಉಗುಳುತ್ತದೆ. ನೀರು ಬಿಡುವುದು ಬೆಳಗಿನ ಜಾವ, ಬೀದಿಯ ಅರ್ಧ ಜನ ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ. ಆ ನೀರು ನೇರ ಸಂಪಿಗೆ ಹೋಗುತ್ತದೆ.

ಅದು ಬರುವುದು ಎಲ್ಲಿಂದ? ನೀರು ನಿಲ್ಲಿಸಿದ ಮೇಲೆ ಪೈಪಿನಲ್ಲಿ ಉಳಿದದ್ದು ತಗ್ಗಿನ ಮನೆಗಳ ಕಡೆ ಇಳಿದುಹೋಗುತ್ತದೆ. ಇಳಿಯುವಾಗ ಎತ್ತರದ ಭಾಗದ ಪೈಪು ಸುತ್ತಲಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮನೆ ಕನೆಕ್ಷನ್ ಎಲ್ಲವೂ ಚರಂಡಿ ದಾಟಿಯೇ ಬರಬೇಕು, ಎಷ್ಟೋ ಕಡೆ ಪೈಪು ಚರಂಡಿಯಲ್ಲೇ ಮುಳುಗಿರುತ್ತದೆ. ಅಲ್ಲೊಂದು ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಸೂಜಿತೂತು ಸಾಕು, ಬೀದಿ ಪೈಪಿಗೆ ಮನೆ ಕನೆಕ್ಷನ್ ಕೂಡಿಸುವ ಸ್ಯಾಡಲ್ ಸಡಿಲವಾದರೂ ಸಾಕು. ನೀರು ಬಿಟ್ಟಾಗ ಅದೇ ತೂತಿನಿಂದ ನೀರು ಹೊರಗೆ ಸೋರುತ್ತದೆ, ನಿಂತಾಗ ಚರಂಡಿ ಒಳಗೆ ಸೋರುತ್ತದೆ. ಇದರ ಮೇಲೆ ನಲ್ಲಿಗೇ ಮೋಟರ್ ಕಟ್ಟಿ ಎಳೆಯುವವರಿದ್ದಾರೆ. ಒತ್ತಡ ಕಡಿಮೆ ಇರುವ ಲೈನಿನಲ್ಲಿ ಮೋಟರ್ ಹಾಕಿದರೆ ನೀರು ಬರುತ್ತಿರುವ ಹೊತ್ತಿನಲ್ಲೂ ಪೈಪು ಎಳೆಯುವ ನಳಿಕೆಯಾಗುತ್ತದೆ. ಹಾಗೆ ಎಳೆದದ್ದು ಮೋಟರ್ ಇಟ್ಟವರ ಸಂಪಿಗಷ್ಟೇ ಬರುವುದಿಲ್ಲ, ಪಕ್ಕದ ಮನೆಗಳಿಗೂ ಹಂಚಿಕೆಯಾಗುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಇಡಿ, ತಕರಾರಿಲ್ಲ. ಲೈನಿಗೆ ಇಡಬೇಡಿ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡಲು ಶುರುಮಾಡಿದಾಗ ಜನ ಅದನ್ನು ಸೌಕರ್ಯ ಅಂದುಕೊಂಡರು. ಅದರ ನಿಜವಾದ ಲಾಭ ಬೇರೆ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಹೊರಗಿನದು ಒಳಗೆ ಬರಲು ದಾರಿಯೇ ಇರುವುದಿಲ್ಲ. ಕಲುಷಿತ ನೀರಿನಿಂದ 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸಾವುಗಳೇ ಆದವು. ಹಾಗಾಗಿ ಚಹಾ ಬಣ್ಣದ ನೀರನ್ನು 'ಪೈಪಿನ ತುಕ್ಕು ಬಿಡಿ' ಎಂದು ತಳ್ಳಿಹಾಕುವ ಮೊದಲು ನೋಡಬೇಕು.

ನೋಡುವುದು ಹೇಗೆಂದರೆ, ಬಿಳಿ ಬಕೆಟ್ಟಿನಲ್ಲಿ. ಪೇಂಟಿನ ಖಾಲಿ ಡಬ್ಬವಾದರೂ ಆದೀತು, ಆ ನೀರನ್ನು ಯಾರೂ ಕುಡಿಯುವುದಿಲ್ಲ. ಸ್ಟೀಲ್ ಬಿಂದಿಗೆಯಲ್ಲಿ ಎಲ್ಲ ನೀರೂ ತಿಳಿಯಾಗಿಯೇ ಕಾಣುತ್ತದೆ. ಬಕೆಟ್ಟಿಗೆ ಒಂದು ಗೇಣು ನೀರು ಹಿಡಿದು ಲೈಟಿನ ಕೆಳಗೆ ಇಡಿ. ಹಾಲಿನಂತೆ ಬೆಳ್ಳಗಿದ್ದು ತಳದಿಂದ ಮೇಲಕ್ಕೆ ಒಂದು ನಿಮಿಷದಲ್ಲಿ ತಿಳಿಯಾದರೆ ಅದು ಬರೀ ಗಾಳಿ. ಕೆಂಪಗಿದ್ದು, ಲೋಟದಲ್ಲಿ ರಾತ್ರಿಯಿಡೀ ಇಟ್ಟರೆ ಕಂದು ಗಸಿ ಕೂತು ಮೇಲೆ ತಿಳಿಯಾದರೆ ಹೆಚ್ಚಾಗಿ ಕಬ್ಬಿಣ. ಬಟ್ಟೆಗೆ ಕಲೆ, ಹೊಟ್ಟೆಗೆ ಅಷ್ಟೇನೂ ಇಲ್ಲ. ಕಪ್ಪು ಚೂರು, ಕೊಳೆತ ಮೊಟ್ಟೆಯ ವಾಸನೆ, ಮೇಲೆ ತೆಳ್ಳಗೆ ನೊರೆ ಇದ್ದರೆ ಚರಂಡಿ. ಅಂದು ಸಂಪಿನ ಕಡೆ ನೀರು ತಿರುಗಿಸಲೇಬಾರದು.

ಕಣ್ಣಿಗೆ ಕಾಣದ್ದಕ್ಕೆ ಕ್ಲೋರಿನ್ ಪರೀಕ್ಷೆ ಇದೆ. ಅಕ್ವೇರಿಯಂ ಅಂಗಡಿಯಲ್ಲೋ ಲ್ಯಾಬ್ ಸಾಮಾನಿನ ಅಂಗಡಿಯಲ್ಲೋ ಸಿಗುವ ಪುಟ್ಟ ಕಿಟ್ ಸಾಕು. ಸಾಮಾನ್ಯವಾಗಿ ಸಿಗುವುದು ಆರ್ಥೋಟೊಲಿಡಿನ್ ದ್ರಾವಣ. ನಳಿಕೆಗೆ ಗುರುತಿನವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ಬಿಟ್ಟು, 10 ಸೆಕೆಂಡಿನೊಳಗೆ ಹಳದಿ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಬೇಕು. ತಡಮಾಡಿದರೆ ಬಣ್ಣ ಗಾಢವಾಗುತ್ತಾ ಹೋಗಿ ಇಲ್ಲದ ಕ್ಲೋರಿನ್ ಇದ್ದಂತೆ ತೋರುತ್ತದೆ. ದ್ರಾವಣ ವಿಷ, ಕೈ ತೊಳೆದುಕೊಳ್ಳಿ, ನಳಿಕೆಯ ನೀರು ಟಾಯ್ಲೆಟ್ಟಿಗೆ ಚೆಲ್ಲಿ. ಸ್ವಲ್ಪ ಹೆಚ್ಚು ಖರ್ಚು ಮಾಡುವುದಾದರೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಕಿಟ್ ಒಳ್ಳೆಯದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್, ಅಂದರೆ ಕೊಳೆ ತಿಂದ ಮೇಲೂ ಮಿಕ್ಕ ಕ್ಲೋರಿನ್, ಇರಬೇಕು.

ಈ ಕಿಟ್‌ನಿಂದಲೇ ಊರಿನ ನೀರಿನ ಮೇಲಿನ ಸಿಟ್ಟು ಇಳಿಯುತ್ತದೆ. ಮೊದಲ ನಿಮಿಷದ ನೀರಿಗೆ ಹನಿ ಬಿಟ್ಟರೆ ಬಣ್ಣವೇ ಇಲ್ಲ, ಇದ್ದ ಕ್ಲೋರಿನ್ನೆಲ್ಲ ಪೈಪಿನ ಕೊಳೆ ತಿಂದು ಮುಗಿಸಿರುತ್ತದೆ. ಹದಿನೈದನೇ ನಿಮಿಷದ ನೀರಿಗೆ ಬಿಟ್ಟರೆ ನಿಂಬೆ ಹಳದಿ. ಎರಡೂ ಒಂದೇ ಟ್ಯಾಂಕಿನ ನೀರು! ಶುದ್ಧೀಕರಣ ಘಟಕದವರೂ ಬೆಳಗಿನ ಜಾವ ವಾಲ್ವ್ ತಿರುಗಿಸುವ ನೀರುಗಂಟಿಯೂ ತಮ್ಮ ಕೆಲಸ ಮಾಡಿದ್ದಾರೆ. ಕೆಟ್ಟದ್ದು ಕೊನೆಯ ಇನ್ನೂರು ಅಡಿಯಲ್ಲಿ. ಬ್ಲೀಚಿಂಗ್ ವಾಸನೆ ಬಂತೆಂದು ಮೂಗು ಮುರಿಯುವವರಿಗೆ ಒಂದು ಮಾತು: ವಾಸನೆ ಇಲ್ಲದ ದಿನ ಭಯಪಡಿ. ಅರ್ಧ ಗಂಟೆ ಬಾಯಿ ತೆರೆದ ಪಾತ್ರೆಯಲ್ಲಿಟ್ಟರೆ ವಾಸನೆ ತಗ್ಗುತ್ತದೆ.

ಇದಕ್ಕೆ ಮನೆಯಲ್ಲಿ ಮಾಡಬೇಕಾದ ಕೆಲಸ ಒಂದು ಟೀ (ಪೈಪನ್ನು ಎರಡು ಕವಲು ಮಾಡುವ ಜೋಡಣೆ), ಎರಡು ಬಾಲ್ ವಾಲ್ವ್, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್. ಎಲ್ಲವೂ ಅರ್ಧ ಇಂಚು, ಪ್ಲಂಬರಿಗೆ ಅರ್ಧ ದಿನದ ಕೆಲಸ. ಕಾಂಪೌಂಡ್ ಒಳಗೆ ಬಂದ ಕೂಡಲೇ ನಾನ್ ರಿಟರ್ನ್ ವಾಲ್ವ್, ಅದರ ಮೈಮೇಲಿನ ಬಾಣ ಮನೆಯ ಕಡೆಗಿರಬೇಕು. ಆಮೇಲೆ ಟೀ. ಒಂದು ಕವಲು ಸಂಪಿಗೆ, ಇನ್ನೊಂದು ಹೊರಗಿನ ನಲ್ಲಿಗೆ, ಎರಡಕ್ಕೂ ಒಂದೊಂದು ಬಾಲ್ ವಾಲ್ವ್. ಸ್ಪ್ರಿಂಗ್ ಇರುವ ನಾನ್ ರಿಟರ್ನ್ ವಾಲ್ವ್ ಬೇಡ, ನಮ್ಮಂಥ ಕಡೆಯ ಒತ್ತಡಕ್ಕೆ ಅದು ಸರಿಯಾಗಿ ತೆರೆಯುವುದೇ ಇಲ್ಲ. ಬಾಗಿಲಿನಂತೆ ತೂಗುವ ಸ್ವಿಂಗ್ ಮಾದರಿ ತನ್ನಿ. ಅದರೊಳಗೂ ಮರಳು ಕೂತು ಬಾಗಿಲು ಮುಚ್ಚದೆ ಹೋಗುತ್ತದೆ, ಆರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಲು ಪಕ್ಕದಲ್ಲೊಂದು ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಹಾಕಿಸಿ.

ನೀರು ಬರುವ ದಿನ ಸಂಪಿನ ವಾಲ್ವ್ ಮುಚ್ಚಿಯೇ ಇರಲಿ, ಹೊರಗಿನದು ತೆರೆದಿರಲಿ. ಮೊದಲ ನೀರು ನೂರು ಲೀಟರಿನ ನೀಲಿ ಡ್ರಮ್ಮಿಗೆ ಬೀಳುತ್ತದೆ. ಟಾಯ್ಲೆಟ್ಟಿಗೆ, ಅಂಗಳಕ್ಕೆ, ಗಿಡಕ್ಕೆ ಅದೇ ಬಳಕೆ, ಹನಿಯೂ ಪೋಲಲ್ಲ. ಡ್ರಮ್ ತುಂಬುವ ಹೊತ್ತಿಗೆ ಹತ್ತು ನಿಮಿಷ ಕಳೆದಿರುತ್ತದೆ. ಬಿಳಿ ಬಕೆಟ್, ಮೂಗು, ಹನಿ. ಮೂರೂ ಸರಿಯಿದ್ದರೆ ಹೊರಗಿನದು ಮುಚ್ಚಿ ಸಂಪಿನದು ತೆರೆಯಿರಿ. ಕುಡಿಯುವ ನೀರನ್ನು ಸಂಪಿನಿಂದ ತೆಗೆಯುವ ಬದಲು ನೀರು ಚೆನ್ನಾಗಿ ಬರುತ್ತಿರುವಾಗಲೇ ಬಿಂದಿಗೆಗೆ ನೇರ ಹಿಡಿಯಿರಿ. ಕ್ಲೋರಿನ್ ಇರುವ ತಾಜಾ ನೀರು ಮುಚ್ಚಳದ ಪಾತ್ರೆಯಲ್ಲಿ ಕೆಡುವುದು ನಿಧಾನ. ಪಾತ್ರೆಗೆ ಚೊಂಬು ಅದ್ದುವ ಅಭ್ಯಾಸ ಬಿಟ್ಟು ಕೆಳಗೆ ನಲ್ಲಿ ಇರುವ ಡ್ರಮ್ಮೇ ಇಡಿ. ಇಷ್ಟೆಲ್ಲ ಕಷ್ಟಪಟ್ಟು ತಂದ ನೀರು ಕೆಡುವುದು ಹೆಚ್ಚಾಗಿ ಆ ಚೊಂಬಿನಿಂದ.

ಸಂಪಿನದೇ ಒಂದು ಕತೆ. ಶಬ್ದ ಬರಬಾರದೆಂದು ಒಳಪೈಪನ್ನು ಸಂಪಿನ ತಳದವರೆಗೆ ಇಳಿಸುತ್ತಾರೆ. ಲೈನ್ ಖಾಲಿಯಾದ ಕೂಡಲೇ ಆ ಪೈಪಿನಿಂದ ಸಂಪಿನ ನೀರು ಬೀದಿಗೆ ವಾಪಸು ಹೋಗುತ್ತದೆ. ಪೈಪಿನ ಬಾಯಿ ತುಂಬಿದ ಸಂಪಿನ ಮಟ್ಟಕ್ಕಿಂತ ಎರಡು ಮೂರು ಇಂಚು ಮೇಲಿರಲಿ, ಶಬ್ದ ಬಂದರೆ ಬರಲಿ. ಮುಚ್ಚಳದ ಕಟ್ಟೆ ನೆಲದಿಂದ ಅರ್ಧ ಅಡಿಯಾದರೂ ಎತ್ತರ ಬೇಕು. ಬಿರುಕು ಇದೆಯೇ ಎಂದು ತಿಳಿಯಲು ತುಂಬಿಸಿ, ಗುರುತು ಹಾಕಿ, ಒಂದು ದಿನ ಮುಟ್ಟದೆ ಬಿಡಿ. ಮಟ್ಟ ಇಳಿದಿದ್ದರೆ ನೀರು ಹೊರಹೋಗುವ ದಾರಿಯಿದೆ, ಸಂಪು ಖಾಲಿಯಿರುವಾಗ ಅದೇ ದಾರಿಯಲ್ಲಿ ಹೊರಗಿನದು ಒಳಬರುತ್ತದೆ.

ಸಂಪಿನ ನೀರಿನ ಹನಿ ಪರೀಕ್ಷೆಯಲ್ಲಿ ಕ್ಲೋರಿನ್ ಇಲ್ಲದಿದ್ದರೆ 1000 ಲೀಟರ್ ತಿಳಿನೀರಿಗೆ 2.5 ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್, ಹೆಚ್ಚುಕಡಿಮೆ ಅರ್ಧ ಟೀ ಚಮಚ. ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ಹನಿ ಪರೀಕ್ಷೆ ಮಾಡಿ. ಕಾಗದದ ಪೊಟ್ಟಣದಲ್ಲಿ ಆರು ತಿಂಗಳಿಟ್ಟ ಪೌಡರಿನಲ್ಲಿ ವಾಸನೆ ಉಳಿದರೂ ಶಕ್ತಿ ಉಳಿದಿರುವುದಿಲ್ಲ. ಬಿಗಿ ಮುಚ್ಚಳದ ಡಬ್ಬದಲ್ಲಿ, ಬಿಸಿಲು ತಾಗದ ಕಡೆ ಇಡಿ.

ಇನ್ನು ನೀರಿನ ಗುಣ. ನದಿ ನೀರು ಬಂದ ದಿನ ಅಡುಗೆಮನೆಗೇ ಗೊತ್ತಾಗುತ್ತದೆ. ತೊಗರಿಬೇಳೆ ಬೇಗ ಬೆಂದು ಕರಗುತ್ತದೆ, ಚಹಾದ ಮೇಲೆ ಪೊರೆ ಕಟ್ಟುವುದಿಲ್ಲ, ಸೋಪು ನೊರೆ ಬಿಡುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬೆರೆಸಿದಾಗ ಅದೇ ಬೇಳೆಗೆ ಎರಡು ವಿಷಲ್ ಹೆಚ್ಚು ಬೇಕು, ಹಂಡೆಯ ತಳದಲ್ಲಿ ಬಿಳಿ ಕಿಟ್ಟ. ಇದು ಗಡಸುತನ, ನಾಲಿಗೆಗೆ ಬೇಸರ ಅಷ್ಟೇ. ಆದರೆ ಮಧ್ಯ ಕರ್ನಾಟಕದ ಬೋರ್‌ವೆಲ್ ಅಂದರೆ ಫ್ಲೋರೈಡ್ ಕೇಳಲೇಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರು ಇಲ್ಲದಿದ್ದರೆ 1.5 ಕೊನೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬೇಸಿಗೆಯ ನೀರನ್ನೇ ಎರಡು ಲೀಟರ್ ಕ್ಯಾನಿನಲ್ಲಿ, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ ಜಿಲ್ಲಾ ಕೇಂದ್ರದ ಪ್ರಯೋಗಾಲಯಕ್ಕೆ ಕೊಡಿ. ಸೂಕ್ಷ್ಮಾಣು ಪರೀಕ್ಷೆಗೆ ಮಾತ್ರ ಅವರದೇ ಬಾಟಲಿ ಕೇಳಿ ತನ್ನಿ.

ಇದನ್ನೆಲ್ಲ ಮಾಡುವ ಬದಲು ಆರ್‌ಓ ಹಾಕಿಸಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾರುವ ಹುಡುಗ ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸುತ್ತಾನೆ. ಆ ಮೀಟರಿಗೆ ಗೊತ್ತಿರುವುದು ಕರಗಿದ ಲವಣ ಮಾತ್ರ. ಚರಂಡಿ ಬೆರೆತ ನದಿ ನೀರಿಗೂ ಅದು ಒಳ್ಳೆಯ ಅಂಕಿಯನ್ನೇ ಕೊಡಬಹುದು. ಟಿಡಿಎಸ್ 500ರ ಒಳಗಿರುವ ಕಡೆ ಆರ್‌ಓ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ನಾಲ್ಕು ದಿನಕ್ಕೊಮ್ಮೆ ನೀರು ಕಾಣುವ ಊರಿನಲ್ಲಿ ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುವ ಯಂತ್ರ ಯಾಕೆ? ಫ್ಲೋರೈಡ್ ವರದಿ ಮಿತಿ ಮೀರಿದ್ದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ.

ಕಾಯಿನ್ ಹಾಕಿ 20 ಲೀಟರ್ ತರುವ ಶುದ್ಧ ನೀರಿನ ಘಟಕದ ನೀರು ಮೊದಲಿಗೆ ಬಹಳ ಹಿಡಿಸುತ್ತದೆ, ಸಿಹಿ, ತಣ್ಣಗೆ. ಆದರೆ ಅದರಲ್ಲಿ ಕ್ಲೋರಿನ್ ಕಾವಲು ಉಳಿದಿರುವುದಿಲ್ಲ. ಕ್ಯಾನಿನ ಒಳಗೋಡೆಗೆ ಬೆರಳು ಹಾಕಿ ಉಜ್ಜಿ ನೋಡಿ, ಜಾರಿದರೆ ಅದು ಸೂಕ್ಷ್ಮಾಣುಗಳ ಲೋಳೆ ಪದರ. ವಾರಕ್ಕೊಮ್ಮೆ ಬ್ಲೀಚಿಂಗ್ ತಿಳಿ ಹಾಕಿ, ಅಲುಗಾಡಿಸಿ, ಅರ್ಧ ಗಂಟೆ ಬಿಟ್ಟು ತೊಳೆಯದಿದ್ದರೆ ನಲ್ಲಿ ನೀರೇ ವಾಸಿ. ನೀರು ಸೋಸುವ ಪೊರೆ, ಮೆಂಬ್ರೇನ್, ಯಾವಾಗ ಬದಲಿಸಿದಿರಿ ಎಂದು ಘಟಕದವರನ್ನು ಕೇಳಿ. ಉತ್ತರದ ಬದಲು ನಗು ಬಂದರೆ ಕ್ಯಾನ್ ವಾಪಸು ತನ್ನಿ.

ಮಳೆಗಾಲದ ಮೊದಲ ಎರಡು ವಾರ ಮಾತ್ರ ಇಷ್ಟೂ ಸಾಲದು. ನದಿಗೆ ಕೆಂಪು ಹೊಸ ನೀರು ಬಂದಾಗ ಪುರಸಭೆಯ ಶುದ್ಧೀಕರಣ ಘಟಕದ ಫಿಲ್ಟರಿಗೂ ಏದುಸಿರು. ಬಗ್ಗಡದ ನೀರಿನಲ್ಲಿ ಕ್ಲೋರಿನ್ ನಿಲ್ಲುವುದಿಲ್ಲ, ಎಷ್ಟು ಹಾಕಿದರೂ ಮಣ್ಣೇ ಕುಡಿಯುತ್ತದೆ. ಆಗ ಮೊದಲು ಪಟಿಕ: ಬಿಂದಿಗೆಯಲ್ಲಿ ಪಟಿಕದ ಕಲ್ಲನ್ನು ಏಳೆಂಟು ಸುತ್ತು ತಿರುಗಿಸಿ, ಎರಡು ಗಂಟೆ ಅಲುಗಾಡಿಸದೆ ಬಿಟ್ಟು, ತಳದ ನಾಲ್ಕು ಬೆರಳಿನಷ್ಟು ನೀರು ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ಆಮೇಲೆ ಒಲೆಗೆ. ಬಿಸಿಯಾದರೆ ಸಾಲದು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ಬೇರೆ ಪಾತ್ರೆಗೆ ಸುರಿಯುವುದು ಬೇಡ. ಎರಡು ವಾರಕ್ಕೆ ಗ್ಯಾಸ್ ಸ್ವಲ್ಪ ಹೆಚ್ಚು ಉರಿಯುತ್ತದೆ, ಉರಿಯಲಿ.