ಒಂದು ಲಾರಿ, ಮೂರು ಟರ್ಬೊ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರಲ್ಲಿ ಬೋರ್ಡೇ ಇಲ್ಲದ ಒಂದು ಅಂಗಡಿಯಿದೆ. ಒಳಗೆ ಎರಡು ವೈಸು, ಒಂದು ಹಳೆಯ ಲೇತು, ಗೋಡೆಯ ಮೊಳೆಗಳಲ್ಲಿ ಬಸವನಹುಳುಗಳ ಹಾಗೆ ತೂಗುವ ಟರ್ಬೊ ಹೌಸಿಂಗುಗಳು, ಅಂದರೆ ಹೊರಕವಚಗಳು. ಟರ್ಬೊ ಎಂದರೆ ಎಂಜಿನ್ ಬಿಡುವ ಹೊಗೆಯ ರಭಸಕ್ಕೇ ತಿರುಗಿ ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಲಾರಿಯವರು ಅದನ್ನು ಟರ್ಬೊ ಅಂಗಡಿ ಎನ್ನುತ್ತಾರೆ, ನಡೆಸುವ ಹಿರಿಯರನ್ನು ಕಾಕ ಎನ್ನುತ್ತಾರೆ. ಕಳೆದ ವರ್ಷ ಮಳೆಗಾಲಕ್ಕೆ ಮೊದಲು ನನ್ನ ಲಾರಿಗೆ ಅಲ್ಲಿ ಟರ್ಬೊ ಹಾಕಿಸಿದೆ. ಈಗ ಒಂದು ಆಟಿ ತಿಂಗಳ ಮಳೆಯನ್ನೂ ಒಂದು ಬೇಸಿಗೆಯನ್ನೂ ನೋಡಿ, ನಲವತ್ತು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಬರೆಯುತ್ತಿದ್ದೇನೆ. ಹಾಕಿಸಿದ ವಾರವೇ ಹೊಗಳಿ ಬರೆಯುವವರನ್ನು ನಂಬಿ ನಾನು ಒಮ್ಮೆ ಕೈ ಸುಟ್ಟುಕೊಂಡವನು.

ಲಾರಿ ಹತ್ತು ಚಕ್ರದ್ದು, 2012ರ ಮಾದರಿ. 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಎಂಜಿನ್, ಮೆಕ್ಯಾನಿಕಲ್ ಡೀಸೆಲ್ ಪಂಪು. ಪಣಂಬೂರಿನಲ್ಲಿ ರಸಗೊಬ್ಬರ ಹೇರಿಕೊಂಡು ಶಿರಾಡಿ ಹತ್ತಿ ಹಾಸನಕ್ಕೆ ಹೋಗುವುದು, ಬರುವಾಗ ಕಾಫಿ ಸಿಕ್ಕಿದರೆ ಬಂದರಿಗೆ ಕಾಫಿ, ಸಿಗದಿದ್ದರೆ ಖಾಲಿ. ಅಂದರೆ ಭಾರವೆಲ್ಲ ಹತ್ತುವಾಗಲೇ. ಟರ್ಬೊ ಆರಿಸುವಾಗ ಮೊದಲು ಯೋಚಿಸಬೇಕಾಗಿದ್ದುದು ಇದನ್ನೇ, ನಾನು ಕೊನೆಗೆ ಯೋಚಿಸಿದೆ.

ಹಳೆಯ ಟರ್ಬೊ ಸತ್ತದ್ದು ಏರ್ ಫಿಲ್ಟರ್‌ನ ದೆಸೆಯಿಂದ. ಫಿಲ್ಟರ್ ಅಂಚಿನಲ್ಲಿ ಹರಿದಿತ್ತು, ಯಾರೂ ನೋಡಿರಲಿಲ್ಲ. ಗಾಳಿ ಒಳಗೆ ಹೋಗುವ ಬದಿಯ ವೀಲಿನ ರೆಕ್ಕೆಗಳ ತುದಿ, ಹಳೆಯ ಕತ್ತಿಯ ಬಾಯಿಯ ಹಾಗೆ, ಧೂಳಿಗೆ ಸವೆದು ಮೊಂಡಾಗಿತ್ತು. ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಹಿಂದೆ ಮುಂದೆ ಎಳೆದರೆ ಕಟಕಟ ಎನ್ನುತ್ತಿತ್ತು. ಅಕ್ಕಪಕ್ಕಕ್ಕೆ ಸ್ವಲ್ಪ ಅಲುಗಾಡಿದರೆ ಹೆದರಬೇಕಾಗಿಲ್ಲ, ಓಡುವಾಗ ಎಣ್ಣೆಯ ಪದರವೇ ಆ ಸಂದನ್ನು ತುಂಬುತ್ತದೆ. ಉದ್ದಕ್ಕೆ ಕೈಗೆ ತಿಳಿಯುವಷ್ಟು ಸರಿದರೆ ಮಾತ್ರ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪು ಬಿಚ್ಚಿದಾಗ ಅರ್ಧ ಲೋಟ ಎಣ್ಣೆ ಸುರಿಯಿತು.

ಹೇಗೂ ಬದಲಿಸಬೇಕು, ದೊಡ್ಡದನ್ನೇ ಹಾಕೋಣ ಎಂಬ ಆಸೆ ಹುಟ್ಟಿದ್ದು ಆಗ. ಬೇರೆ ಊರಿನ ಗುಜರಿ ಮಾರುಕಟ್ಟೆಯಲ್ಲಿ ಭಾರೀ ಎಂಜಿನೊಂದರಿಂದ ಇಳಿಸಿದ ಟರ್ಬೊ ಸಿಕ್ಕಿತು, 22 ಸಾವಿರ ರೂಪಾಯಿ. ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಮಾರಿದವನು ‘ಇದು ಹಾಕಿದರೆ ಘಾಟಿ ಎಂಬುದೇ ಗೊತ್ತಾಗುವುದಿಲ್ಲ’ ಎಂದ. ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ನಮ್ಮ ಮ್ಯಾನಿಫೋಲ್ಡಿಗೆ ಅದರ ಫ್ಲೇಂಜ್, ಅಂದರೆ ಬೋಲ್ಟು ಬಿಗಿಯುವ ಅಂಚು, ಕೂಡಲಿಲ್ಲ. ನಡುವೆ ಒಂದು ದಪ್ಪ ತಗಡು ಕೊರೆಯಿಸಿ ಕೂರಿಸಿದ್ದಾಯಿತು.

ಸತ್ಯ ಹೇಳಬೇಕು, ಸಪಾಟು ರಸ್ತೆಯಲ್ಲಿ ಅದು ಮೋಹ ಹುಟ್ಟಿಸಿತು. ಸುರತ್ಕಲ್ ದಾಟಿ ಮೂಲ್ಕಿ, ಪಡುಬಿದ್ರಿ ಕಡೆಗೆ ಖಾಲಿ ಲಾರಿ ಓಡಿಸಿ ನೋಡಿದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ಮುಟ್ಟಿದೊಡನೆ ಸಣ್ಣ ಸೀಟಿ ಶುರುವಾಗಿ, ಹಿಂದಿನಿಂದ ಯಾರೋ ದೂಡಿದ ಹಾಗೆ ಲಾರಿ ಮುನ್ನುಗ್ಗುತ್ತಿತ್ತು. ಆ ಸೀಟಿಗಾಗಿಯೇ ಕಿಟಕಿ ತೆರೆದಿಟ್ಟು ಕಾಪುವಿನವರೆಗೆ ಹೋಗಿ ಬಂದೆ.

ಮರುದಿನ ಹದಿನಾರು ಟನ್ ಗೊಬ್ಬರ ಹೇರಿಕೊಂಡು ಹೊರಟೆವು. ಜೊತೆಗೆ ನನ್ನ ಬಾವ. ನೆಲ್ಯಾಡಿಯವರೆಗೆ ಮಾತಿಲ್ಲ, ಗುಂಡ್ಯದಲ್ಲಿ ಚಹಾ. ಅಲ್ಲಿಂದ ಮುಂದೆ ಏರು ಬಿಗಿಯಾದಾಗ ಮುಂದೆ ಒಂದು ಅನಿಲ ಟ್ಯಾಂಕರ್ ತೆವಳುತ್ತಿತ್ತು. ತಿರುವಿನಲ್ಲಿ ಅದು ನಿಂತಿತು, ನಾವೂ ನಿಂತೆವು. ಅದು ಹೊರಟಿತು, ನಾವು ಹೊರಡಲಿಲ್ಲ. ಗೇರಿಗೆ ಹಾಕಿ ಕಾಲು ಪೂರ್ತಿ ಒತ್ತಿದರೂ ಎಂಜಿನ್ 1200 ಸುತ್ತಿನಲ್ಲಿ ನರಳುತ್ತಿದೆ, ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿದೆ. ಕನ್ನಡಿಯಲ್ಲಿ ರಸ್ತೆಯೇ ಕಾಣಿಸುತ್ತಿಲ್ಲ, ಕಪ್ಪು ಹೊಗೆ. ಟರ್ಬೊಗಿಂತ ಮೊದಲು, ಮ್ಯಾನಿಫೋಲ್ಡಿನಲ್ಲೇ ಹೊಗೆಯ ಬಿಸಿ ಅಳೆಯುವ ಒಂದು ಗೇಜನ್ನು ಬುದ್ಧಿಯಿಂದ ಹಾಕಿಸಿದ್ದೆ. ಅದು 740 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. 700 ದಾಟಿದರೆ ಕಾಲು ಸಡಿಲಿಸಬೇಕು ಎಂಬುದು ಬಲ್ಲವರ ಲೆಕ್ಕ. ಸಡಿಲಿಸಿದರೆ ಲಾರಿ ನಿಲ್ಲುತ್ತದೆ.

‘ಬಾವ, ಹಿಂದಿನ ಬಸ್ಸಿನವರು ನಮ್ಮ ಏಳು ತಲೆಮಾರನ್ನು ನೆನೆಯುತ್ತಿದ್ದಾರೆ’ ಎಂದು ಬಾವ ಕಿಟಕಿಯಿಂದ ತಲೆ ಒಳಗೆಳೆದುಕೊಂಡರು.

ನಾಲ್ಕು ಟ್ರಿಪ್ ಹೀಗೆಯೇ ಆಯಿತು. ತಗಡಿನ ಗ್ಯಾಸ್ಕೆಟ್ ಎರಡು ಸಲ ಸುಟ್ಟು ಚುಸ್ ಎಂದಿತು. ಐದನೆಯ ಟ್ರಿಪ್ಪಿಗೆ ಬದಲು ಬೈಕಂಪಾಡಿಗೆ ಹೋದೆ.

ಕಾಕ ಎಂಜಿನನ್ನು ನೋಡಲೇ ಇಲ್ಲ. ಮೊದಲು ಕೇಳಿದ್ದು, ‘ಶಿರಾಡಿಯಲ್ಲಿ ಎಷ್ಟು ಸುತ್ತಿನಲ್ಲಿ ಹತ್ತುತ್ತೀರಿ?’ ‘ಸಾವಿರದ ನಾನ್ನೂರರಿಂದ ಸಾವಿರದ ಎಂಟುನೂರು’ ಎಂದೆ. ‘ಎರಡು ಸಾವಿರದ ಮೇಲೆ ಎಷ್ಟು ಹೊತ್ತು ಇರುತ್ತದೆ?’ ಯೋಚಿಸಿದೆ. ಇರುವುದೇ ಇಲ್ಲ. ‘ಹಾಗಾದರೆ ಎರಡು ಸಾವಿರದ ಮೇಲೆ ಎದ್ದೇಳುವ ಟರ್ಬೊ ಯಾಕೆ ತಂದಿರಿ ಮಾರಾಯರೇ?’

ಆಮೇಲೆ ವರ್ನಿಯರ್ ತೆಗೆದರು. ಗಾಳಿ ಒಳಗೆ ನುಗ್ಗುವ ಕಡೆ ವೀಲಿನ ಅಗಲ ಹಳೆಯದರಲ್ಲಿ 46 ಮಿಲಿಮೀಟರ್, ನಾನು ತಂದದ್ದರಲ್ಲಿ 66. ‘ಇಪ್ಪತ್ತು ಮಿಲಿಮೀಟರ್ ತಾನೇ’ ಎಂದೆ. ಅವರು ಗೊಬ್ಬರದ ಚೀಟಿಯ ಬೆನ್ನಿಗೆ ಎರಡು ವೃತ್ತ ಬರೆದು ಲೆಕ್ಕ ಮಾಡಿದರು. ಅಗಲ ಒಂದೂವರೆಯಷ್ಟೂ ಆಗಿಲ್ಲ, ಬಾಯಿಯ ವಿಸ್ತೀರ್ಣ ಮಾತ್ರ ಎರಡು ಪಟ್ಟು ದಾಟಿದೆ. ವೀಲಿನ ತೂಕವೂ ಅದರ ಹಿಂದೆಯೇ ಏರುತ್ತದೆ. ಇಷ್ಟನ್ನು ತಿರುಗಿಸಬೇಕಾದದ್ದು ಅದೇ ಆರು ಸಿಲಿಂಡರಿನ ಹೊಗೆ.

ಅದೇ ಚೀಟಿಯಲ್ಲಿ ಎಂಜಿನ್ ಕುಡಿಯುವ ಗಾಳಿಯ ಲೆಕ್ಕವೂ ಬಂತು. ಇದನ್ನು ಯಾರೂ ಮಾಡಿಕೊಳ್ಳಬಹುದು. ನಾಲ್ಕು ಸ್ಟ್ರೋಕಿನ ಎಂಜಿನ್ ಒಂದು ಸುತ್ತಿಗೆ ತನ್ನ ಗಾತ್ರದ ಅರ್ಧದಷ್ಟು ಗಾಳಿ ಎಳೆಯುತ್ತದೆ. 5.9ರ ಅರ್ಧ 2.95 ಲೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ನೂರಕ್ಕೆ ತೊಂಬತ್ತು ಎಂದುಕೊಳ್ಳಿ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಒಂದು ಬಾರ್ ಬೂಸ್ಟಿನಲ್ಲಿ, ಇಂಟರ್‌ಕೂಲರ್ ದಾಟಿದ ಮೇಲೆ ಗಾಳಿ ಸುಮಾರು 1.7 ಪಟ್ಟು ದಟ್ಟ. ಗುಣಿಸಿದರೆ 1400 ಸುತ್ತಿನಲ್ಲಿ ನಿಮಿಷಕ್ಕೆ ಏಳೂವರೆ ಕಿಲೋ, 2400ರಲ್ಲಿ ಹದಿಮೂರು ಕಿಲೋ ಗಾಳಿ. ಗಾಳಿಯನ್ನು ಕಿಲೋ ಲೆಕ್ಕದಲ್ಲಿ ಕೇಳಿದ್ದು ನನಗೆ ಅದೇ ಮೊದಲು.

ನಂತರ ಪ್ಲಾಸ್ಟಿಕ್ ಹೊದಿಸಿದ ಒಂದು ಕಟ್ಟು ನಕ್ಷೆಗಳು ಹೊರಬಂದವು. ಪ್ರತಿ ಟರ್ಬೊಗೂ ತಯಾರಕರು ಇಂಥ ನಕ್ಷೆ ಕೊಡುತ್ತಾರೆ. ಅಡ್ಡಕ್ಕೆ ಗಾಳಿಯ ತೂಕ, ಉದ್ದಕ್ಕೆ ಒತ್ತಡ, ನಡುವೆ ಒಂದರೊಳಗೊಂದು ದ್ವೀಪಗಳಂತೆ ಗೆರೆಗಳು. ಒಳಗಿನ ದ್ವೀಪದಲ್ಲಿ ಟರ್ಬೊ ಹೆಚ್ಚು ದಕ್ಷ, ಹೊರಗೆ ಬಂದಷ್ಟೂ ಗಾಳಿಗಿಂತ ಬಿಸಿಯನ್ನೇ ತಯಾರಿಸುತ್ತದೆ. ಬಲಗಡೆಯ ಅಂಚು ದಾಟಿದರೆ ಉಸಿರು ಕಟ್ಟುತ್ತದೆ. ಎಡಗಡೆಯ ಗೆರೆ ದಾಟಿದರೆ ಒತ್ತಿದ ಗಾಳಿ ತಿರುಗಿ ವೀಲಿನ ಮೇಲೆಯೇ ಬಂದು ಬುಸುಗುಡುತ್ತದೆ, ಅದಕ್ಕೆ ಸರ್ಜ್ ಎನ್ನುತ್ತಾರೆ. ಕಾಕ ಪೆನ್ಸಿಲಿನಿಂದ ನನ್ನ ಏಳೂವರೆ ಕಿಲೋದ ಚುಕ್ಕೆಯನ್ನು 66ರ ನಕ್ಷೆಯ ಮೇಲೆ ಇಟ್ಟರು. ಅದು ಎಡ ಗೆರೆಯಿಂದ ಹೊರಗೆ, ಬಿಳಿ ಕಾಗದದ ಮೇಲೆ ಕುಳಿತಿತು. 54 ಮಿಲಿಮೀಟರ್ ವೀಲಿನ ನಕ್ಷೆಯಲ್ಲಿ ಅದೇ ಚುಕ್ಕೆ ಗೆರೆಯ ಒಳಗೆ ಬಿತ್ತು, ಹದಿಮೂರರ ಚುಕ್ಕೆ ನಡುದ್ವೀಪದ ಹತ್ತಿರ. ನನ್ನ ನಾಲ್ಕು ಟ್ರಿಪ್ಪಿನ ಕಥೆ ಎರಡು ಚುಕ್ಕೆಗಳಲ್ಲಿ ಮುಗಿಯಿತು.

ಇನ್ನೊಂದು ಸಂಗತಿ, ಅನೇಕರು ಗಮನಿಸದೆ ಬಿಡುವುದು. ವೀಲಿಗಿಂತ ಹೊಗೆ ಬದಿಯ ಹೌಸಿಂಗು ಹೆಚ್ಚು ಆಟ ಆಡಿಸುತ್ತದೆ. ಹೋಲ್ಸೆಟ್ ಕಂಪನಿಯ ಹೌಸಿಂಗುಗಳ ಮೇಲೆ 12, 14, 16, 18 ಎಂದು ಎರಕದಲ್ಲೇ ಅಂಕಿ ಇರುತ್ತದೆ, ಒಳದಾರಿಯ ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದಲ್ಲ, ಸಣ್ಣ ಅಂಕಿಯ ಹೌಸಿಂಗ್ ಹೊಗೆಗೆ ಅದನ್ನೇ ಮಾಡುತ್ತದೆ. ಬೇಗ ತಿರುಗುತ್ತದೆ. ಪೂರ್ತಿ ವೇಗದಲ್ಲಿ ಮಾತ್ರ ಎಂಜಿನಿಗೆ ಹೊಗೆ ಹೊರದೂಡುವುದು ಕಷ್ಟವಾಗುತ್ತದೆ. ನನ್ನ ದೊಡ್ಡ ಟರ್ಬೊದ್ದು 18. ಕಾಕ ಕೊಟ್ಟದ್ದು, ಒತ್ತಡ ಮಿತಿಮೀರದಂತೆ ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಇರುವ ಹೋಲ್ಸೆಟ್ ಎಚ್‌ಎಕ್ಸ್ 35, ವೀಲು 54, ಹೌಸಿಂಗ್ 12. ಮ್ಯಾನಿಫೋಲ್ಡಿಗೆ ನೇರವಾಗಿ ಕೂತಿತು, ತಗಡಿನ ಹಂಗಿಲ್ಲ. ಹೌಸಿಂಗಿನೊಳಗೆ ನಡುಗೋಡೆ ಇದೆ. ಮುಂದಿನ ಮೂರು ಸಿಲಿಂಡರಿನ ಹೊಗೆ ಒಂದು ಕಡೆ, ಹಿಂದಿನ ಮೂರರದ್ದು ಇನ್ನೊಂದು ಕಡೆ ಬರುವುದರಿಂದ ಒಂದರ ಉಸಿರು ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಕೂರಿಸಿ, ಪೈಪು, ಕ್ಲಿಪ್ಪು, ಗ್ಯಾಸ್ಕೆಟ್ ಎಲ್ಲ ಸೇರಿ 41 ಸಾವಿರ ರೂಪಾಯಿ ಆಯಿತು.

‘ಪಂಪನ್ನೂ ಸ್ವಲ್ಪ ಏರಿಸಿಬಿಡಿ’ ಎಂದೆ. ಕಾಕ ಒಪ್ಪಲಿಲ್ಲ. ಟರ್ಬೊ ಗಾಳಿ ಕೊಡುತ್ತದೆ, ಶಕ್ತಿ ಡೀಸೆಲಿನದು. ಡೀಸೆಲ್ ಏರಿಸಿದರೆ ಕ್ಲಚ್ಚು, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲವೂ ಬಿಲ್ಲು ಕಳುಹಿಸುತ್ತವೆ ಎಂದರು. ಕಾಯ್ದೆಯ ಮಾತನ್ನೂ ತೆಗೆದವರು ಅವರೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆ ಮಾಡುವಂತಿಲ್ಲ. ಹಾಗಾಗಿ ಪಂಪು ಕಂಪನಿಯ ಅಳತೆಯಲ್ಲೇ ಉಳಿಯಿತು. ಹೊಗೆ ಪರೀಕ್ಷೆಯಲ್ಲಿ ಮೊದಲಿಗಿಂತ ಕಡಿಮೆಯೇ ಬಂತು.

ಈಗ ಫಲಿತಾಂಶ. ಅದೇ ತಿರುವು, ಅದೇ ಹದಿನಾರು ಟನ್. ನಿಂತಲ್ಲಿಂದ ಹೊರಡುವಾಗ 1300 ಸುತ್ತಿಗೆ ಬೂಸ್ಟ್ ಮುಳ್ಳು ಅಲುಗಾಡುತ್ತದೆ, 1500ಕ್ಕೆ ಒಂದು ಬಾರ್ ಹತ್ತಿರ ಬರುತ್ತದೆ. ಹಳೆಯ ಟರ್ಬೊ ಒಳ್ಳೆಯ ಸ್ಥಿತಿಯಲ್ಲಿದ್ದಾಗ ಇದಕ್ಕಿಂತ ನೂರು ಸುತ್ತು ಬೇಗ ಎದ್ದೇಳುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾರನಹಳ್ಳಿಯ ನಂತರದ ಉದ್ದ ಏರಿನಲ್ಲಿ ಹಳೆಯದು 680 ಡಿಗ್ರಿ ತೋರಿಸುತ್ತಿದ್ದಲ್ಲಿ ಈಗ 610. ದೋಣಿಗಲ್ ಹತ್ತಿರ ಎತ್ತರಕ್ಕೆ ಗಾಳಿ ತೆಳುವಾದಾಗಲೂ ಕಾಲು ಸಡಿಲಿಸಬೇಕಾಗಿಲ್ಲ. ಡೀಸೆಲ್ ಲೀಟರಿಗೆ 3.4 ಕಿಲೋಮೀಟರಿನಿಂದ 3.6ಕ್ಕೆ ಬಂದಿದೆ. ಅದರಲ್ಲಿ ಹೊಸ ಏರ್ ಫಿಲ್ಟರ್‌ನ ಪಾಲೆಷ್ಟು, ಟರ್ಬೊದ ಪಾಲೆಷ್ಟು ಎಂದು ನಾನು ಜಗಳವಾಡುವುದಿಲ್ಲ. ಆ ಸೀಟಿ ಮಾತ್ರ ಇಲ್ಲ, ಅದೊಂದು ಬೇಸರ.

ಅಂಗಡಿಯ ಬಗ್ಗೆ ದೂರುಗಳಿವೆ. ಒಂದು ದಿನದ ಕೆಲಸ ಎಂದು ಹೇಳಿ ಮೂರು ದಿನ ಹಿಡಿದರು, ಎರಡು ಲೋಡು ಕೈತಪ್ಪಿತು. ಒಂದರಿಂದ ಮೂರರವರೆಗೆ ಊಟದ ಹೊತ್ತು, ಫೋನು ಎತ್ತುವವರಿಲ್ಲ. ಎಲ್ಲಕ್ಕಿಂತ ದೊಡ್ಡದು, ಎಣ್ಣೆ ಕೆಳಗಿಳಿಯುವ ಡ್ರೈನ್ ಪೈಪನ್ನು ಅವರ ಹುಡುಗ ಬಳುಕಿಸಿ ಕೂರಿಸಿದ್ದ. ಟರ್ಬೊದಿಂದ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಒತ್ತಡವಿಲ್ಲ. ಪೈಪಿನಲ್ಲಿ ಹೊಟ್ಟೆ ಬಂದರೆ ಎಣ್ಣೆ ಅಲ್ಲೇ ನಿಂತು ಸೀಲು ದಾಟಿ ಹೊಗೆಯ ಕಡೆಗೆ ಹೋಗುತ್ತದೆ. ಮೊದಲ ಟ್ರಿಪ್ಪಿನಲ್ಲೇ ನೆಲ್ಯಾಡಿಯಲ್ಲಿ ನಿಂತಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಎದೆ ಧಸಕ್ಕೆಂದಿತು. ಮರಳಿ ಬಂದ ಮೇಲೆ ಕಾಕ ಗೊಣಗುತ್ತಲೇ ನೇರ ಪೈಪು ಹಾಕಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ನೀವು ಯಾರಲ್ಲೇ ಹಾಕಿಸಿದರೂ ಆ ಪೈಪನ್ನು ಬಗ್ಗಿ ನೋಡಿ.

ಸಕಲೇಶಪುರ ಮುಟ್ಟಿದಾಗ ಚಹಾಕ್ಕೆ ಇಳಿಯುವ ಮೊದಲು ಮೂರು ನಿಮಿಷ ಎಂಜಿನನ್ನು ಐಡಲಿನಲ್ಲಿ ಬಿಡುವುದನ್ನು ಬಾವನಿಗೂ ಅಭ್ಯಾಸ ಮಾಡಿಸಿದ್ದೇನೆ. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗಿ ಬಂದ ಕೆಂಡದಂಥ ಶಾಫ್ಟಿಗೆ ಎಣ್ಣೆ ನಿಲ್ಲಿಸಿಬಿಟ್ಟರೆ ಉಳಿದ ಎಣ್ಣೆ ಅಲ್ಲೇ ಕರಕಲಾಗುತ್ತದೆ. ಕಂಪ್ಯೂಟರ್ ಇರುವ ಹೊಸ ಬಿಎಸ್–4, ಬಿಎಸ್–6 ಲಾರಿಯವರು ನನ್ನ ಲೆಕ್ಕ ಹಿಡಿದು ಹೊರಡಬೇಡಿ, ಅಲ್ಲಿ ಟರ್ಬೊ, ಪಂಪು, ಸೆನ್ಸರು ಎಲ್ಲ ಒಂದಕ್ಕೊಂದು ಕಟ್ಟುಬಿದ್ದಿವೆ.

66ರ ಟರ್ಬೊ ಈಗ ನಮ್ಮ ಮನೆಯ ಜಗಲಿಯಲ್ಲಿದೆ. ಕಳೆದ ವಾರ ಮಲ್ಪೆಯಿಂದ ಬೋಟಿನವರೊಬ್ಬರು ನೋಡಲು ಬಂದಿದ್ದರು. ಅವರ ಎಂಜಿನ್ ಇದಕ್ಕಿಂತ ದೊಡ್ಡದು, ಬಲೆ ಎಳೆಯುವಾಗ ಗಂಟೆಗಟ್ಟಲೆ ಒಂದೇ ಸುತ್ತಿನಲ್ಲಿ ಓಡುತ್ತದೆ, ತಿರುವಿಲ್ಲ, ಟ್ಯಾಂಕರಿಲ್ಲ, ಹಿಂದೆ ಬಸ್ಸಿಲ್ಲ. ಅವರೂ ವರ್ನಿಯರ್ ತಂದಿದ್ದರು. ಅಳೆದು, ಶಾಫ್ಟ್ ಎಳೆದು ನೋಡಿ, ಹನ್ನೆರಡು ಸಾವಿರ ಎಂದರು. ನಾನು ಹದಿನೆಂಟರಲ್ಲಿ ನಿಂತಿದ್ದೇನೆ.