ಬಾಂಬಿಟ್ಟವನ ಮುಖ ಹೇಗಿರಬೇಕಿತ್ತು? ರೋಲಿಂಗ್ ಸ್ಟೋನ್‌ನ ಆ ಸಂಚಿಕೆ ಓದಿದ ಮೇಲೆ

ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ 2013ರ ಆಗಸ್ಟ್ 1ರ ಸಂಚಿಕೆ ಕೊನೆಗೂ ಕೈಗೆ ಸಿಕ್ಕಿತು. ಬಾಸ್ಟನ್ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಮಗಳು ಊರಿಗೆ ಬಂದಾಗ ತಂದುಕೊಟ್ಟಳು. "ಇಷ್ಟು ವರ್ಷ ಎತ್ತಿಟ್ಟಿದ್ದೆ ಕಣೋ, ನನಗೆ ಓದೋಕೆ ಆಗಲಿಲ್ಲ, ನೀನು ಓದು" ಅಂದಳು.

ಮೊದಲು ಮುಖಪುಟದ ಮಾತು, ಗಲಾಟೆ ಆಗಿದ್ದೆಲ್ಲ ಅದರ ಮೇಲೇ ಅಲ್ವಾ. ಅದರಲ್ಲಿರುವುದು ಜೋಖರ್ ತ್ಸಾರ್ನೇವ್. ಗುಂಗುರು ಕೂದಲು, ಮೆತ್ತನೆ ಬೆಳಕು, ನಿದ್ದೆಗಣ್ಣು, 19ರ ಹುಡುಗ. ಯಾವಾಗಲೂ ಹಾಡುಗಾರರ ಮುಖ ಬರುವ ಜಾಗ ಅದು, ಹಾಗಾಗಿ ಹೊಸ ಬ್ಯಾಂಡಿನವನು ಅಂದರೂ ನಂಬಬಹುದು. ಕೆಳಗೆ ದೊಡ್ಡದಾಗಿ 'ದಿ ಬಾಂಬರ್', ಅದರಡಿ ಅವನು ಹೇಗೆ ರಾಕ್ಷಸನಾದ ಎಂಬ ಸಾಲು. ಆ ವರ್ಷದ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಇವನೂ ಇವನ ಅಣ್ಣನೂ ಇಟ್ಟ ಬಾಂಬಿಗೆ 3 ಜನ ಸತ್ತರು. ಒಬ್ಬ 8 ವರ್ಷದ ಮಗು. 260ಕ್ಕೂ ಹೆಚ್ಚು ಜನರಿಗೆ ಗಾಯ, ಹಲವರ ಕಾಲೇ ಹೋಯಿತು. ಸಿವಿಎಸ್, ವಾಲ್‌ಗ್ರೀನ್ಸ್ ಅಂಗಡಿಗಳು ಈ ಸಂಚಿಕೆ ಮಾರುವುದಿಲ್ಲ ಎಂದವು. ಬಾಸ್ಟನ್ ಮೇಯರ್ ಥಾಮಸ್ ಮೆನಿನೊ ಸಿಟ್ಟಿನಿಂದ ಪ್ರಕಾಶಕರಿಗೆ ಪತ್ರ ಬರೆದರು. ಪೊಲೀಸ್ ಇಲಾಖೆಯ ಫೋಟೋಗ್ರಾಫರ್ ಒಬ್ಬರು, ಇದಲ್ಲ ಅವನ ನಿಜವಾದ ಮುಖ ಎಂದು, ಅವನನ್ನು ಹಿಡಿದ ರಾತ್ರಿಯ ಚಿತ್ರಗಳನ್ನು ಬಾಸ್ಟನ್ ಮ್ಯಾಗಜೀನ್‌ಗೆ ಕೊಟ್ಟರು: ಮುಖದಲ್ಲಿ ರಕ್ತ, ಹಣೆ ಮೇಲೆ ಗುರಿಯಿಟ್ಟ ಬಂದೂಕಿನ ಲೇಸರ್‌ನ ಕೆಂಪು ಚುಕ್ಕೆ.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಕಾಲು ಕಳೆದುಕೊಂಡವರು ಅಂಗಡಿಗೆ ಹೋದಾಗ ಈ ಮುಖ ಯಾಕೆ ಎದುರಾಗಬೇಕು? ಆದರೆ ಇದೇ ಫೋಟೋ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲೂ ಬಂದಿತ್ತು, ಆಗ ಇಷ್ಟು ಗಲಾಟೆ ಆಗಲಿಲ್ಲ.

ಒಳಗಿನ ಲೇಖನ ಜಾನೆಟ್ ರೈಟ್‌ಮನ್ ಅವರದು, ಇಡೀ ಸಂಚಿಕೆಯ ತೂಕ ಅಲ್ಲೇ ಇದೆ. ಅವನ ಜೊತೆ ಓದಿದವರು, ಕುಸ್ತಿ ಕೋಚ್, ಪರಿಚಯದವರು ಎಲ್ಲ ಮಾತಾಡಿದ್ದಾರೆ. ಶಾಲೆಯ ಕುಸ್ತಿ ತಂಡದ ನಾಯಕ, ಎಲ್ಲರಿಗೂ ಬೇಕಾದವನು, ಜಹಾರ್ ಅಂತ ಕರೆಯುತ್ತಿದ್ದರು. ಯಾರಿಗೂ ಸುಳಿವು ಸಿಗಲಿಲ್ಲ. ಓದುತ್ತಾ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ, ಯಾಕೆಂದರೆ ಇಂಥ ಹುಡುಗರು ನಮ್ಮೆಲ್ಲರ ಕಾಲೇಜಿನಲ್ಲೂ ಇದ್ದರು. ಗಾಯಗೊಂಡವರ ಬದುಕು ಇಲ್ಲಿ ಜಾಸ್ತಿ ಸಿಗುವುದಿಲ್ಲ, ಅದೊಂದು ಕೊರತೆ. ಬಾಸ್ಟನ್ ಮ್ಯಾಗಜೀನ್ ಅದೇ ಮೇ ತಿಂಗಳಲ್ಲಿ ಓಟಗಾರರ ಶೂಗಳನ್ನು ಹೃದಯದ ಆಕಾರದಲ್ಲಿ ಜೋಡಿಸಿ ಮಾಡಿದ ಮುಖಪುಟ ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ.

ಅಕ್ಕ ಇನ್ನೊಂದು ಮುಖಪುಟದ ಬಗ್ಗೆ ಹೇಳಿದಳು, ನನ್ನನ್ನು ಜಾಸ್ತಿ ಕಾಡುತ್ತಿರುವುದು ಅದೇ. ಸ್ಫೋಟ ಆಗಿ ಮೂರನೇ ದಿನ, ಏಪ್ರಿಲ್ 18ಕ್ಕೆ, ನ್ಯೂಯಾರ್ಕ್ ಪೋಸ್ಟ್ ಪುಟದ ತುಂಬ ಇಬ್ಬರು ಹುಡುಗರ ಫೋಟೋ ಹಾಕಿ 'ಬ್ಯಾಗ್ ಮೆನ್' ಎಂದು ಬರೆಯಿತು. ಪೊಲೀಸರು ಇವರನ್ನು ಹುಡುಕುತ್ತಿದ್ದಾರೆ ಅಂತ. ಕಂದು ಮೈಬಣ್ಣ, ಬೆನ್ನಿಗೆ ಬ್ಯಾಗು. ಅವರು ಸುಮ್ನೆ ಮ್ಯಾರಥಾನ್ ನೋಡಲು ಹೋದವರು, ಒಬ್ಬನಿಗಂತೂ ಇನ್ನೂ 17, ಮೊರಾಕೊ ಮೂಲದ ಮನೆಯ ಹುಡುಗ. ಅವರು ಪತ್ರಿಕೆ ಮೇಲೆ ಕೇಸು ಹಾಕಿದರು, 2014ರಲ್ಲಿ ರಾಜಿಯಾಯಿತು. ಆ ವಾರವೆಲ್ಲ ನಮ್ಮ ಭಾವ ಆಫೀಸಿಗೆ ಬೆನ್ನಿನ ಬ್ಯಾಗು ಒಯ್ಯಲಿಲ್ಲವಂತೆ. ಊಟದ ಡಬ್ಬಿ ಕೈಯಲ್ಲೇ ಹಿಡಿದು ಹೋಗುತ್ತಿದ್ದರು. ಟೈಮ್ ಪತ್ರಿಕೆ 1994ರಲ್ಲಿ, ಕೊಲೆ ಆರೋಪ ಹೊತ್ತಿದ್ದ ಕಪ್ಪು ಜನಾಂಗದ ಮಾಜಿ ಫುಟ್‌ಬಾಲ್ ತಾರೆ ಓ. ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೋವನ್ನು ಇನ್ನಷ್ಟು ಕಪ್ಪು ಮಾಡಿ ಮುಖಪುಟಕ್ಕೆ ಹಾಕಿದ್ದೂ ಇದೇ ಜಾತಿಯದು. ಅದೇ ಫೋಟೋ ಇದ್ದ ಹಾಗೇ ನ್ಯೂಸ್‌ವೀಕ್‌ನಲ್ಲೂ ಬಂದಿತ್ತು, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಗೊತ್ತಾಯಿತು.

ಬಾಂಬಿಟ್ಟವನ ಮುಖ ಹೀಗೇ ಇರುತ್ತದೆ ಎಂದು ಮೊದಲೇ ಅಂದುಕೊಂಡರೆ ಇಂಥ ತಪ್ಪುಗಳಾಗುತ್ತವೆ, ಅದಕ್ಕೇ ರೋಲಿಂಗ್ ಸ್ಟೋನ್ ಆ ಫೋಟೋ ಹಾಕಿದ್ದು ಸರಿ ಎನ್ನುತ್ತೇನೆ. ತಪ್ಪಿದ್ದು ಮುಖಪುಟದ ಸಾಲಿನ ಕೊನೆಗೆ ಬರುವ 'ರಾಕ್ಷಸನಾದ' ಎಂಬ ಮಾತು. ಫೋಟೋ, ಲೇಖನ ಎರಡೂ ಅವನೊಬ್ಬ ಮನುಷ್ಯ ಎಂದು ಕಷ್ಟಪಟ್ಟು ತೋರಿಸುವಾಗ, ಆ ಒಂದು ಪದ, ಅವನು ನಮ್ಮಂಥವನಲ್ಲ ಎಂದುಕೊಳ್ಳಲು ಓದುಗನಿಗೆ ಸುಲಭದ ದಾರಿ ಕೊಡುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಳೆ ಪ್ರತಿ ಎಲ್ಲಾದರೂ ಸಿಕ್ಕರೆ ಮುಖಪುಟ ನೋಡಿ ಮುಚ್ಚಿಡಬೇಡಿ, ಒಳಗಿನ ಲೇಖನವನ್ನು ಪೂರ್ತಿ ಓದಿ.