ತೂಕಕ್ಕೆ ಮಾರೋ ಚೂರು ಬಟ್ಟೆ ಕಟ್ಟು: ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಉಳಿಕೆ ಬಟ್ಟೆಯಲ್ಲಿ ಕೌದಿ, ಚೀಲ, ದಿಂಬಿನ ಕವರ್ ಹೊಲಿಯೋರು ದಯವಿಟ್ಟು ಇದನ್ನ ಪೂರ್ತಿ ಓದಿ. ‘ನೂರಕ್ಕೆ ನೂರು ಕಾಟನ್, ಎಲ್ಲಾ ಐದಿಂಚಿಗಿಂತ ದೊಡ್ಡ ಚೂರು, ಒಂದು ಕೆಜಿಯಲ್ಲಿ ಸಿಂಗಲ್ ಕೌದಿಯ ಮೇಲ್ಪದರ ಪೂರ್ತಿ ಆಗುತ್ತೆ’ ಅಂತ ಬರೆದುಕೊಂಡು ಆನ್‌ಲೈನಲ್ಲಿ ಮಾರ್ತಿದ್ದ ಕಟ್ಟು ಇದು. ಬಂದಿದ್ದು ಬರೀ ಚಿಂದಿ. ದುಡ್ಡು ಹೋಯ್ತು, ವಾಪಸ್ ಇಲ್ಲ, ಮೇಲಿಂದ ಉಪದೇಶ ಬೇರೆ.

ಮೊದಲು ಆ ಒಂದು ಕೆಜಿ ಲೆಕ್ಕ. ಲೆಕ್ಕ ಸರಿಯಾಗೇ ಇದೆ, ಅದಕ್ಕೇ ಕೆಲಸ ಗೊತ್ತಿರೋರೂ ನಂಬ್ತಾರೆ. ಸಾಧಾರಣ ಕಾಟನ್ ಚದರ ಮೀಟರಿಗೆ 120ರಿಂದ 150 ಗ್ರಾಂ ತೂಗುತ್ತೆ, ಅಂದ್ರೆ ಕೆಜಿಗೆ ಏಳು ಚದರ ಮೀಟರ್ ಆಸುಪಾಸು. ಐದಿಂಚಿನ ಚೌಕಕ್ಕೆ ನಾಲ್ಕೂ ಕಡೆ ಕಾಲಿಂಚು ಹೊಲಿಗೆಗೆ ಬಿಟ್ಟರೆ ಉಳಿಯೋದು ನಾಲ್ಕೂವರೆ ಇಂಚು. 63 ಇಂಚು ಅಗಲ, 90 ಇಂಚು ಉದ್ದಕ್ಕೆ ಸಾಲಿಗೆ 14ರಂತೆ 20 ಸಾಲು, ಒಟ್ಟು 280 ಚೌಕ. ಬಟ್ಟೆ ನಾಲ್ಕೂವರೆ ಚದರ ಮೀಟರ್, ತೂಕ 700 ಗ್ರಾಂ ಒಳಗೇ. ಓರೆಕೋರೆ ಕತ್ತರಿಸಿ ತೆಗೆದಿದ್ದು ಕಳೆದರೂ ಒಂದು ಕೆಜಿ ಸಾಕು. ಆದರೆ ಚೂರುಗಳು ಆ ಬಟ್ಟೇದೇ ಇರಬೇಕು, ಆ ಅಳತೇಲೇ ಇರಬೇಕು.

ಕಟ್ಟು ನೋಡೋಕೆ ಚೆನ್ನಾಗೇ ಇತ್ತು. ಪ್ಲಾಸ್ಟಿಕ್ ಕವರ್, ಮೇಲೆ ಅಚ್ಚುಕಟ್ಟಾಗಿ ಮಡಚಿದ ಆರು ಹೂವಿನ ಪ್ರಿಂಟಿನ ಕಾಟನ್ ಚೂರು. ಇಡೀ ಕಟ್ಟಿನಲ್ಲಿ ಐದಿಂಚು ದಾಟಿದ ಕಾಟನ್ ಅಂದ್ರೆ ಇವು ಆರೇ. ಇವನ್ನ ಎತ್ತಿದರೆ ಕೆಳಗೆ ಒತ್ತಿ ತುರುಕಿದ ಮುದ್ದೆ. ಥಾನಿನ, ಅಂದ್ರೆ ಮಿಲ್ಲಿಂದ ಬರೋ ಬಟ್ಟೆ ಸುರುಳಿಯ, ಅಂಚುಪಟ್ಟಿಗಳು, ಎರಡು ಬೆರಳಗಲ, ಉದ್ದಕ್ಕೂ ಮಿಲ್‌ನ ಪಿನ್ ತೂತಿನ ಸಾಲು. ಅಂಚಿನ ನೇಯ್ಗೆ ನಡುವಿನ ಬಟ್ಟೆಗಿಂತ ಬಿಗಿ. ಕೌದಿಗೆ ಸೇರಿಸಿದರೆ ಒಗೆದ ಮೇಲೆ ಅದೊಂದು ಸಾಲು ಸುಕ್ಕುಗಟ್ಟಿ ಪಕ್ಕದ್ದನ್ನೂ ಎಳೆಯುತ್ತೆ. ಓವರ್‌ಲಾಕ್ ಮೆಷಿನ್ (ಬಟ್ಟೆ ಅಂಚು ಕತ್ತರಿಸ್ತಾ ಹೊಲಿಯೋದು) ಕೊಯ್ದು ಬಿಸಾಡಿದ ದಾರದಂಥ ಕಸ. ಕಾಲರ್ ಗಟ್ಟಿಯಾಗಿ ನಿಲ್ಲಲಿ ಅಂತ ಬಕ್ರಂ (ಬಿರುಸು ಬಟ್ಟೆ) ಅಂಟಿಸಿದ್ದ ತುಂಡು, ಕೈಹೊಲಿಗೆಗೆ ಸೂಜಿ ಇಳಿಯೋದೇ ಇಲ್ಲ. ಬನಿಯನ್ ಬಟ್ಟೆ, ಅದನ್ನ ಕತ್ತರಿಸಿದ ಕೂಡ್ಲೇ ಅಂಚು ಸುರುಳಿ ಸುತ್ತಿಕೊಳ್ಳುತ್ತೆ, ಚೌಕ ಚೌಕವಾಗಿ ನಿಲ್ಲಲ್ಲ. ತೂಕ ತುಂಬಿಸೋಕೆ ಅಡೀಲಿ ಜೀನ್ಸ್ ಸೊಂಟಪಟ್ಟಿಯ ತುಂಡುಗಳು. ದಪ್ಪ ಜೀನ್ಸ್ ಚದರ ಮೀಟರಿಗೆ 400 ಗ್ರಾಂ ತನಕ ತೂಗುತ್ತೆ, ಅಂದ್ರೆ ಅದೇ ತೂಕಕ್ಕೆ ಕಾಟನ್ನಿನ ಮೂರನೇ ಒಂದು ಪಾಲು ಬಟ್ಟೆ. ತಕ್ಕಡಿ ಸರಿ ತೋರಿಸುತ್ತೆ, ಬಟ್ಟೆ ಎಲ್ಲಿದೆ?

ಅಳತೆಯ ಮೋಸ ಒಂದು ಕಡೆ ಇರಲಿ. ಹೊಟ್ಟೆ ಉರಿದಿದ್ದು ಎಳೆ ಸುಟ್ಟು ನೋಡಿದಾಗ. ಕಾಟನ್ ಎಳೆಯನ್ನ ಚಿಮ್ಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ಬೆಂಕಿ ತಾಗಿಸಿದರೆ ತಕ್ಷಣ ಹೊತ್ತಿಕೊಳ್ಳುತ್ತೆ, ಕಾಗದ ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿ. ಇಲ್ಲಿ ಎಳೆ ಬೆಂಕಿ ಕಂಡ ಕೂಡ್ಲೇ ಹಿಂದಕ್ಕೆ ಮುದುಡಿಕೊಂಡಿತು, ಕರಗಿತು, ಕಪ್ಪು ಹೊಗೆ ಬಿಟ್ಟಿತು. ಆರಿದ ಮೇಲೆ ತುದೀಲಿ ಗಟ್ಟಿ ಕಪ್ಪು ಮಣಿ, ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಪಾಲಿಯೆಸ್ಟರ್. ನೂರಕ್ಕೆ ನೂರು ಕಾಟನ್ ಅಂತ ಬರೆದ ಕಟ್ಟಿನಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್! ಇನ್ನು ಕೆಲವು ಮಿಶ್ರ: ಕಾಟನ್ ಥರ ಉರಿಯುತ್ತೆ, ಬೂದೀಲಿ ಮರಳಿನಂಥ ಗಟ್ಟಿ ಕಾಳು ಸಿಗುತ್ತೆ. ಇದೇನು ಸಣ್ಣ ವಿಷಯ ಅಲ್ಲ. ಕಾಟನ್ ಹೊಲಿಗೆ ಕೂರಿಸೋಕೆ ಇಸ್ತ್ರಿ ಪೂರ್ತಿ ಬಿಸಿ ಬೇಕು. ಆ ಬಿಸಿಗೆ ಪಕ್ಕದ ಪಾಲಿಯೆಸ್ಟರ್ ಚೌಕ ಮುದುಡಿ ಮಿರಮಿರ ಹೊಳೆಯುತ್ತೆ, ಕೆಲವು ಸಲ ಇಸ್ತ್ರಿಗೇ ಅಂಟುತ್ತೆ. ಬಿಸಿ ಕಮ್ಮಿ ಮಾಡಿದರೆ ಕಾಟನ್ ಸುಕ್ಕು ಹೋಗಲ್ಲ.

ಆ ಆರು ಒಳ್ಳೆ ಚೂರಲ್ಲೂ ಕಡುಗೆಂಪಿನದು ಬಣ್ಣ ಬಿಟ್ಟಿತು. ಒದ್ದೆ ಮಾಡಿ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿದಾಗ ಬಿಳಿ ಪೂರ್ತಿ ಗುಲಾಬಿ. ಪರೀಕ್ಷೆ ಮಾಡದೆ ಹೊಲಿದಿದ್ದರೆ ಮೊದಲ ಒಗೆತಕ್ಕೇ ಇಡೀ ಕೌದಿ ಹಾಳು.

ಈಗ ಮಾರಿದವರ ಉತ್ತರಗಳು. ಫೋಟೋ ಹಾಕಿ ಕೇಳಿದ್ದಕ್ಕೆ ಮೊದಲು ಬಂದಿದ್ದು: ‘ಮೇಡಂ, ವೇಸ್ಟ್ ಬಟ್ಟೆ ಅಂದ್ಮೇಲೆ ಹೀಗೇ ಇರುತ್ತೆ.’ ಇಲ್ಲ, ಹೀಗೇ ಇರಲ್ಲ! ಕಟಿಂಗ್ ಟೇಬಲ್ಲಿನ ಉಳಿಕೆ ಬೇರೆ, ಅಂಚುಪಟ್ಟಿ ಬೇರೆ, ಓವರ್‌ಲಾಕ್ ಕಸ ಬೇರೆ. ಚೂರು ಬಟ್ಟೆ ಮಾರೋರು ಇದನ್ನ ಬೇರೆ ಬೇರೆ ಮಾಡೇ ಮಾರ್ತಾರೆ, ಬೆಲೆಯೂ ಬೇರೆ. ಐದಿಂಚು ಅಂತ ಬರೆದಿದ್ದು ನೀವು ತಾನೇ?

ಅಳತೆ ಪಟ್ಟಿ ಇಟ್ಟು ಇನ್ನೊಂದು ಫೋಟೋ ಕಳಿಸಿದ್ದಕ್ಕೆ: ‘ಐದಿಂಚು ಅಂದ್ರೆ ಉದ್ದ ಮೇಡಂ, ಅಗಲ ಹೇಳಿಲ್ಲ.’ ಇದನ್ನ ಓದಿ ಮೈಯೆಲ್ಲ ಉರಿದುಹೋಯ್ತು. ಕೌದಿಗೆ ಅಂತ ಮಾರಿ ಅಗಲ ಹೇಳಿಲ್ಲ ಅಂತಾರೆ. ಒಂದಿಂಚು ಅಗಲದ ಪಟ್ಟೀಲಿ ಎರಡೂ ಕಡೆ ಕಾಲಿಂಚು ಹೊಲಿಗೆಗೆ ಹೋದರೆ ಕಾಣೋದು ಅರ್ಧ ಇಂಚು. ಅದರಲ್ಲಿ ಯಾವ ಕೌದಿ?

ಬಣ್ಣದ ಬಗ್ಗೆ ಕೇಳಿದ್ದಕ್ಕೆ: ‘ಉಪ್ಪು, ವಿನೆಗರ್ ಹಾಕಿ ನೆನೆಸಿ, ನಿಲ್ಲುತ್ತೆ.’ ನಿಲ್ಲಲ್ಲ. ಬಣ್ಣ ಹಾಕುವಾಗ ತೊಟ್ಟಿಗೆ ಉಪ್ಪು ಹಾಕೋದು ಬೇರೆ ವಿಷಯ. ಬಣ್ಣ ಹಾಕಿ ಮುಗಿದ ಕಾಟನ್ನಿನಲ್ಲಿ ಸಡಿಲ ಉಳಿದ ಬಣ್ಣವನ್ನ ಬಿಸಿನೀರು, ಸೋಪಲ್ಲಿ ಒಗೆದು ಒಗೆದು ಹೊರಗೆ ಹಾಕಬೇಕು ಅಷ್ಟೇ. ನೀರು ತಿಳಿಯಾಗೋ ತನಕ ಒಗೆದರೂ ಬಿಡ್ತಾ ಇದ್ದರೆ ಆ ಚೂರು ಕೌದಿಗೆ ಬೇಡ.

ಪಾಲಿಯೆಸ್ಟರ್ ಬಗ್ಗೆ ಉತ್ತರವೇ ಇಲ್ಲ. ಕೊನೆಗೆ: ‘ಬಿಚ್ಚಿದ ಪ್ಯಾಕೆಟ್ ವಾಪಸ್ ತಗೊಳ್ಳಲ್ಲ. ಸ್ವಲ್ಪ ಕ್ರಿಯೇಟಿವ್ ಆಗಿ ಯೋಚನೆ ಮಾಡಿ.’ ಬಿಚ್ಚದೆ ಒಳಗೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ? ಆಮೇಲೆ ಬ್ಲಾಕ್. ಇನ್ನೊಬ್ಬರಿಗೆ ಕೌದಿ ಹೊಲಿದುಕೊಡ್ತೀನಿ ಅಂತ ಮಾತು ಕೊಟ್ಟು, ಈ ರಾಶಿ ಮುಂದಿಟ್ಟುಕೊಂಡು ಆಗಲ್ಲ ಅಂತ ಹೇಳಬೇಕಾದಾಗ ಆಗೋ ಅವಮಾನ ಇವರಿಗೆ ಅರ್ಥ ಆಗಲ್ಲ.

ತಗೊಳ್ಳೋರು ಇಷ್ಟು ಮಾಡಿ. ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಕೇಳಿ. ಮೇಲಿನ ಪದರದ ಫೋಟೋ ಲೆಕ್ಕಕ್ಕಿಲ್ಲ. ‘ಅತಿ ಚಿಕ್ಕ ಚೂರಿನ ಉದ್ದ ಎಷ್ಟು, ಅಗಲ ಎಷ್ಟು, ಪಾಲಿಯೆಸ್ಟರ್ ಇದೆಯಾ’ ಅಂತ ಬರಹದಲ್ಲೇ ಉತ್ತರ ತಗೊಳ್ಳಿ, ಫೋನಿನಲ್ಲಿ ಬೇಡ. ಕೊಡದಿದ್ದರೆ ಅಲ್ಲಿಗೇ ಬಿಡಿ. ಪ್ಯಾಕೆಟ್ ಬಿಚ್ಚುವಾಗ ಸೀಲ್ ಕಾಣೋ ಹಾಗೆ ವಿಡಿಯೋ ಮಾಡಿ.

ಇಂಥ ಕಟ್ಟು ಆಗಲೇ ಕೈಗೆ ಬಂದಿದ್ದರೆ: ಅಂಚುಪಟ್ಟಿ, ಬನಿಯನ್ ಬಟ್ಟೆ ಮೂರೆಳೆ ಜಡೆ ಹೆಣೆದು ಸುತ್ತಿ ಹೊಲಿದರೆ ಕಾಲೊರೆಸು ಆಗುತ್ತೆ, ಆದರೆ ಎರಡನ್ನೂ ಒಂದೇ ಜಡೇಲಿ ಬೆರೆಸಬೇಡಿ, ಬನಿಯನ್ ಬಟ್ಟೆ ಹಿಗ್ಗಿ ಚಾಪೆ ಬಟ್ಟಲಿನ ಹಾಗೆ ಮೇಲೇಳುತ್ತೆ. ಬಕ್ರಂ ತುಂಡು ಚೀಲದ ತಳಕ್ಕೆ. ಪಾಲಿಯೆಸ್ಟರ್ ಸಣ್ಣಗೆ ಕತ್ತರಿಸಿ ನೆಲಕ್ಕೆ ಹಾಕೋ ದಿಂಬಿನ ಒಳಗೆ ತುಂಬಿ, ಬಿಸಿ ಪಾತ್ರೆ ಹಿಡಿಯೋ ಬಟ್ಟೆಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಕರಗಿ ಕೈಗೆ ಅಂಟುತ್ತೆ.